ಹಳೇ ಜೀಪಿಗೆ ಹಿಂದೆಯೂ ಒಂದಿಂಚಿನ ಸಿಲಿಂಡರ್ ಹಾಕಬಹುದಾ?

ತೋಟದಜೀಪ್: ತಾತ ತಗೊಂಡಿದ್ದ ಯುದ್ಧಕಾಲದ ವಿಲ್ಲೀಸ್ ಎಂಬಿ ವಿರಾಜಪೇಟೆ ಹತ್ತಿರದ ನಮ್ಮ ತೋಟದಲ್ಲಿ ಇನ್ನೂ ಓಡುತ್ತಿದೆ. ಹಿಂದಿನ ವೀಲ್ ಸಿಲಿಂಡರ್ (ಬ್ರೇಕ್ ಆಯಿಲ್ ಒತ್ತಡದಿಂದ ಬ್ರೇಕ್ ಶೂ ತಳ್ಳೋದು) ಎರಡೂ ಸೋರುತ್ತಿವೆ. ಒಳವ್ಯಾಸ ಮುಂದಿನದು 1 ಇಂಚು, ಹಿಂದಿನದು ಮುಕ್ಕಾಲು. ಮೆಕ್ಯಾನಿಕ್ "ಹಿಂದೆಯೂ ಒಂದಿಂಚಿನದೇ ಹಾಕೋಣ, ಬ್ರೇಕ್ ಚೆನ್ನಾಗಿ ಹಿಡಿಯುತ್ತೆ" ಅಂತಾರೆ. ಆಗಾಗ ಮಾಕುಟ್ಟ ಘಾಟಿ ಇಳಿಯೋದಿದೆ. ಹಾಕಿಸಲಾ?

ಹಳೇಗಾಡಿ_ಮಡಿಕೇರಿ: ಬೇಡ ಮಾರಾಯ್ರೇ!

ನಿಮ್ಮ ಜೀಪಿನ ಡ್ರಮ್ ನಾಲ್ಕೂ 9 ಇಂಚಿನವು. ಪೆಡಲ್ ತುಳಿದಾಗ ಪೈಪಿನಲ್ಲಿ ಹೋಗುವ ಒತ್ತಡವೂ ನಾಲ್ಕಕ್ಕೂ ಒಂದೇ. ಹಾಗಾಗಿ ಬ್ರೇಕ್ ಬಲ ಮುಂದೆ ಎಷ್ಟು, ಹಿಂದೆ ಎಷ್ಟು ಅನ್ನೋದು ಸಿಲಿಂಡರ್ ಅಳತೆಯ ಮೇಲೇ ನಿಂತಿದೆ. ತಳ್ಳುವ ಬಲ ವ್ಯಾಸದ ವರ್ಗಕ್ಕೆ ತಕ್ಕಂತೆ ಇರುತ್ತೆ, ಹಾಗಾಗಿ ಮುಕ್ಕಾಲನ್ನ ಮುಕ್ಕಾಲಿನಿಂದ ಗುಣಿಸಿ, 0.56 ಬರುತ್ತೆ. ಮುಂದಿನದು 1. ಅಂದ್ರೆ ನೂರರಲ್ಲಿ ಸುಮಾರು 64 ಪಾಲು ಮುಂದೆ, 36 ಹಿಂದೆ. ನಿಮ್ಮ ಮೆಕ್ಯಾನಿಕ್ ಇದನ್ನ 50-50 ಮಾಡೋಕೆ ಹೊರಟಿದ್ದಾರೆ.

ಬ್ರೇಕ್ ಹಾಕಿದಾಗ ಗಾಡಿ ಮೂಗು ತಗ್ಗಿಸುತ್ತೆ ಅಲ್ವಾ? ಭಾರ ಮುಂದಕ್ಕೆ ಬಂತು, ಹಿಂದಿನ ಟೈರ್ ಹಗುರ ಆಯ್ತು. ಎಂಬಿಗೆ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) ಬರೀ 80 ಇಂಚು, ಸಾಲದ್ದಕ್ಕೆ ಘಾಟಿಯ ಇಳಿಜಾರು. ಹಗುರ ಆದ ಚಕ್ರವನ್ನ ಜಾಸ್ತಿ ಹಿಡಿದರೆ ಅದೇ ಮೊದಲು ಲಾಕ್ ಆಗೋದು. ಮುಂದಿನದು ಲಾಕ್ ಆದ್ರೆ ಸ್ಟೀರಿಂಗ್ ಕೇಳಲ್ಲ, ಗಾಡಿ ನೇರಕ್ಕೆ ಹೋಗುತ್ತೆ. ಪೆಡಲ್ ಬಿಟ್ಟರೆ ಮತ್ತೆ ಕೇಳುತ್ತೆ. ಹಿಂದಿನದು ಲಾಕ್ ಆದ್ರೆ ತಿರುವಿನಲ್ಲಿ ಬಾಲವೇ ಮುಂದೆ ಬರುತ್ತೆ. ಜುಲೈ ಮಳೆಯಲ್ಲಿ ಮಾಕುಟ್ಟದ ತಿರುವು ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾ?

ಕಾಫಿಕಣ: ಹಿಂದಿನ ಡ್ರಮ್ ಬಿಚ್ಚಿದಾಗ ಬ್ರೇಕ್ ಶೂ ಮೇಲಿನ ಲೈನರ್ ಮೂಸಿ ನೋಡಿ. ಆಕ್ಸಲ್ ಸೀಲ್ ಹೋಗಿದ್ರೆ ಗೇರ್ ಆಯಿಲ್ ವಾಸನೆ ಬರುತ್ತೆ. ಹಾಗಿದ್ರೆ ಲೈನರ್ ಜಾರುತ್ತೆ, ಯಾವ ಸಿಲಿಂಡರ್ ಹಾಕಿದ್ರೂ ದಂಡ.

ತೋಟದಜೀಪ್: ವಾಸನೆ ಇಲ್ಲ, ಬ್ರೇಕ್ ಆಯಿಲ್ ಮಾತ್ರ. ಆದ್ರೆ ಮುಕ್ಕಾಲು ಇಂಚಿನದು ಅಂಗಡಿಯಲ್ಲಿ ಸಿಗ್ತಿಲ್ಲ. ಅದಕ್ಕೇ ಅವರು ದೊಡ್ಡದು ಅಂದಿದ್ದು.

ಹಳೇಗಾಡಿ_ಮಡಿಕೇರಿ: ಹಳೇದನ್ನೇ ಲೇತ್‌ಗೆ ಕೊಟ್ಟು ಒಳಗೆ ಸ್ಟೀಲ್ ಸ್ಲೀವ್ (ತೆಳು ಕೊಳವೆ) ಹಾಕಿಸಿ. ಸ್ಲೀವ್ ಕೂತ ಮೇಲೆ ಒಳಗಿನ ಅಳತೆ ಮುಕ್ಕಾಲು ಇಂಚೇ ಇರಬೇಕು, ಬರೆದು ಕೊಡಿ. ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್ ಹೊಸದು ಹಾಕಿ. ನಿಮ್ಮ ಗಾಡಿಯಲ್ಲಿ ನಾಲ್ಕು ಚಕ್ರಕ್ಕೂ ಮಾಸ್ಟರ್ ಸಿಲಿಂಡರ್‌ನಿಂದ (ಪೆಡಲ್ ಒತ್ತುವ ಮುಖ್ಯ ಸಿಲಿಂಡರ್) ಒಂದೇ ಲೈನ್. ಒಂದು ಕಪ್ ಕೈಕೊಟ್ಟರೆ ನಾಲ್ಕೂ ಹೋಯ್ತು. ರಿಪೇರಿ ಆಗೋವರೆಗೆ ಘಾಟಿ ಕಡೆ ತಲೆ ಹಾಕಬೇಡಿ.