ಹಬ್ಬದ ರಜೆಯಲ್ಲಿ ಯಾರಿಗಾದರೂ ನಿಜವಾಗಿ ಉಪಯೋಗಕ್ಕೆ ಬರಬೇಕು ಅಂತಿದೆ, ಎಲ್ಲಿಂದ ಶುರು ಮಾಡಲಿ?

ಇರುಳುಪಾಳಿ:
ಎಲ್ಲರಿಗೂ ನಮಸ್ಕಾರ. ನಾನು ಕಸ್ಟಮರ್ ಕೇರ್‌ನಲ್ಲಿ ಕೆಲಸ ಮಾಡುತ್ತೇನೆ, ಹೆಚ್ಚಾಗಿ ರಾತ್ರಿ ಪಾಳಿ. ಹಬ್ಬದ ಸೀಸನ್ ಬಂತೆಂದರೆ ನಮಗೆ ಕೆಲಸ ದುಪ್ಪಟ್ಟು. ಪಾರ್ಸೆಲ್ ತಡವಾಯಿತು, ಟಿಕೆಟ್ ಕ್ಯಾನ್ಸಲ್ ಆಯಿತು, ದುಡ್ಡು ವಾಪಸ್ ಬರಲಿಲ್ಲ, ಎಲ್ಲದರ ಸಿಟ್ಟೂ ಹೆಡ್‌ಸೆಟ್‌ನಲ್ಲಿ ನಮ್ಮ ಕಿವಿಗೇ ಬರುತ್ತದೆ. ನಾಲ್ಕು ವರ್ಷದಲ್ಲಿ ಇದೇ ಮೊದಲ ಸಲ ಹಬ್ಬದ ಹೊತ್ತಿಗೆ ಐದು ದಿನ ರಜೆ ಸಿಕ್ಕಿದೆ. ಅದರಲ್ಲಿ ಎರಡು ದಿನವಾದರೂ ಬೇರೆಯವರಿಗಾಗಿ ಇಡೋಣ ಅಂತ ಆಸೆ.

ಹೋದ ವರ್ಷ ನನ್ನ ವಾರದ ರಜೆ ಹಬ್ಬದ ದಿನವೇ ಬಿದ್ದಿತ್ತು. ಉಚಿತ ಊಟ ಹಾಕುವ ಒಂದು ಕಡೆಗೆ ಹೋದೆ. ಅಲ್ಲಿ ಊಟಕ್ಕೆ ಬಂದವರಿಗಿಂತ ಬಡಿಸಲು ಬಂದ ನಾವೇ ಜಾಸ್ತಿ ಇದ್ದೆವೇನೋ. ನನ್ನ ಕೈಗೊಂದು ಸೌಟು ಕೊಟ್ಟರು. ಸಾಲಿನಲ್ಲಿ ನಾನು ಹನ್ನೊಂದನೆಯವಳು. ಒಬ್ಬ ಅಜ್ಜ ತಟ್ಟೆ ಹಿಡಿದು ನಮ್ಮ ಹನ್ನೊಂದೂ ಜನರ ಮುಂದೆ ಹಾದು ಬರಬೇಕಿತ್ತು, ಒಬ್ಬೊಬ್ಬರ ಮುಂದೂ ನಿಲ್ಲಬೇಕಿತ್ತು, ಪಕ್ಕದಲ್ಲಿ ಯಾರೋ ಫೋಟೋ ತೆಗೆಯುತ್ತಿದ್ದರು. ಆ ಅಜ್ಜನ ಕೈ ನಡುಗುತ್ತಿತ್ತು. ಮನೆಗೆ ಬಂದ ಮೇಲೂ ಆ ಕೈ ಕಣ್ಣ ಮುಂದಿನಿಂದ ಹೋಗಲಿಲ್ಲ. ಈ ಸಲ ಹಾಗಾಗಬಾರದು.

ಇನ್ನೊಂದು ವಿಷಯ. ನಮ್ಮ ಆಫೀಸಿನ ಹಿಂಬಾಗಿಲಲ್ಲಿ ರಾತ್ರಿ ಒಬ್ಬರು ಸೆಕ್ಯೂರಿಟಿ ಇರುತ್ತಾರೆ. ಬೆಳಗಿನ ಜಾವ ಎರಡೂವರೆಗೆ ಪಾಳಿ ಮುಗಿಸಿ ಹೊರಗೆ ಬಂದರೆ ಏನೂ ಮಾತಾಡದೆ ಟಾರ್ಚ್ ಬೆಳಕನ್ನು ಮೆಟ್ಟಿಲ ಮೇಲೆ ಬಿಡುತ್ತಾರೆ. ನಾನು ಕ್ಯಾಬ್ ಹತ್ತಿ ಬಾಗಿಲು ಹಾಕಿಕೊಳ್ಳುವವರೆಗೂ ಆರಿಸುವುದಿಲ್ಲ. ಎರಡು ವರ್ಷದಿಂದ ಹೀಗೇ. ನಾನು ಒಂದು ಸಲವೂ ಅದರ ಬಗ್ಗೆ ಏನೂ ಹೇಳಿಲ್ಲ. ದುಡ್ಡು ಕೊಟ್ಟರೆ ಬೇಜಾರಾಗುತ್ತಾರಾ? ಸುಮ್ನೆ ಥ್ಯಾಂಕ್ಸ್ ಅಂದರೆ ಸಾಕಾ? ಹೇಗೆ ಶುರು ಮಾಡುವುದು ಅಂತಲೇ ಗೊತ್ತಾಗುತ್ತಿಲ್ಲ.

ದೊಡ್ಡಪಾತ್ರೆ:
ನಾನು ಇಂಥದ್ದೇ ಒಂದು ಅಡುಗೆಮನೆಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ಆದ್ದರಿಂದ ನೀವು ನೋಡಿದ್ದು ನನಗೆ ಚೆನ್ನಾಗಿ ಗೊತ್ತು. ಹಬ್ಬದ ದಿನ ನಮ್ಮಲ್ಲಿ ನಲವತ್ತು ಜನ ಬರುತ್ತಾರೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ, ಯಾರನ್ನೂ ವಾಪಸ್ ಕಳಿಸಲು ಮನಸ್ಸಾಗುವುದಿಲ್ಲ, ಹಾಗಾಗಿ ಎಲ್ಲರ ಕೈಗೂ ಏನಾದರೊಂದು ಕೊಟ್ಟು ನಿಲ್ಲಿಸುತ್ತೇವೆ. ಅದು ನಮ್ಮ ತಪ್ಪು, ನಿಮ್ಮದಲ್ಲ. ಹಬ್ಬ ಕಳೆದು ಎರಡನೇ ವಾರಕ್ಕೆ ಬನ್ನಿ, ಮೂರು ಜನ ಇರುತ್ತೇವೆ. ಊಟಕ್ಕೆ ಬರುವವರ ಸಂಖ್ಯೆ ಮಾತ್ರ ಅಷ್ಟೇ ಇರುತ್ತದೆ, ಕೆಲವು ಸಲ ಇನ್ನೂ ಜಾಸ್ತಿ.

ನನ್ನ ಕಳಕಳಿಯ ಮಾತು ಇಷ್ಟೇ. ಮೊದಲು ಫೋನ್ ಮಾಡಿ. "ನಿಮಗೆ ಯಾವ ದಿನ ಜನ ಸಿಗುವುದಿಲ್ಲ? ಯಾವ ಕೆಲಸಕ್ಕೆ ಯಾರೂ ಬರುವುದಿಲ್ಲ?" ಅಂತ ಕೇಳಿ. ಬಡಿಸುವುದಕ್ಕೆ ಜನ ಯಾವಾಗಲೂ ಸಿಗುತ್ತಾರೆ. ಬೆಳಿಗ್ಗೆ ಐದಕ್ಕೆ ಬಂದು ತರಕಾರಿ ಹೆಚ್ಚಲು, ಊಟ ಮುಗಿದ ಮೇಲೆ ತಳ ಹಿಡಿದ ಪಾತ್ರೆ ಉಜ್ಜಲು, ಗಾಡಿ ಓಡಿಸಲು, ಬಿಲ್ಲುಗಳನ್ನು ಜೋಡಿಸಿ ಲೆಕ್ಕ ಬರೆಯಲು ಸಿಗುವುದಿಲ್ಲ. ನಿಮ್ಮದು ಫೋನ್ ಕೆಲಸ ಅಂದಿರಲ್ಲ, ಅದು ನಮ್ಮಂಥವರಿಗೆ ಚಿನ್ನ. ಬರುತ್ತೇವೆ ಅಂದ ಸ್ವಯಂಸೇವಕರಿಗೆ ಹಿಂದಿನ ಸಂಜೆ ಒಂದು ಕರೆ ಮಾಡಿ ನೆನಪಿಸಲು ಒಬ್ಬರಿದ್ದರೆ ಸಾಕು, ಮಾರನೇ ದಿನ ಅರ್ಧ ಚಿಂತೆ ಇರುವುದಿಲ್ಲ. ಅದನ್ನು ನೀವು ಮನೆಯಲ್ಲಿ ಕೂತೇ ಮಾಡಬಹುದು, ತಿಂಗಳಿಗೆ ಎರಡು ಗಂಟೆ ಕೊಟ್ಟರೂ ಆಯಿತು.

ಹಳೇ ಬಟ್ಟೆ ಮೂಟೆ ತರಬೇಡಿ, ಕೇಳದ ಹೊರತು. ವಿಂಗಡಿಸಲು ನಮ್ಮ ಮೂರು ಜನರಲ್ಲಿ ಇಬ್ಬರು ಇಡೀ ದಿನ ಕೂರಬೇಕಾಗುತ್ತದೆ.

ಕೆಂಪುಹನಿ:
ನಾನು ರಕ್ತನಿಧಿಯಲ್ಲಿ ಟೆಕ್ನೀಷಿಯನ್. ನಿಮ್ಮ ಎರಡು ದಿನದಲ್ಲಿ ಒಂದು ಗಂಟೆ ನಮಗೆ ಕೊಡಿ ಅಂತ ಕೇಳಲು ಬಂದೆ.

ರಜೆ ಬಂದರೆ ರಕ್ತ ಕೊಡುವವರು ಊರಿಗೆ ಹೋಗುತ್ತಾರೆ, ಕಾಲೇಜು ಆಫೀಸುಗಳಲ್ಲಿ ನಡೆಯುವ ಶಿಬಿರಗಳು ನಿಲ್ಲುತ್ತವೆ. ಆದರೆ ಹೆರಿಗೆ ನಿಲ್ಲುವುದಿಲ್ಲ, ಅಪಘಾತ ನಿಲ್ಲುವುದಿಲ್ಲ, ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುತ್ತಿರುವ ಮಕ್ಕಳಿಗೆ ಹಬ್ಬ ಅಂತ ರಿಯಾಯಿತಿ ಇಲ್ಲ. ಕೆಂಪು ರಕ್ತಕಣಗಳನ್ನು ಫ್ರಿಜ್‌ನಲ್ಲಿ ಹೆಚ್ಚೆಂದರೆ 42 ದಿನ ಇಡಬಹುದು. ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು, ಹಾಗಲ್ಲ. ಅದನ್ನು ಫ್ರಿಜ್‌ನಲ್ಲಿ ಇಡುವುದಿಲ್ಲ, 20ರಿಂದ 24 ಡಿಗ್ರಿಯಲ್ಲಿ, ನಿಧಾನವಾಗಿ ಅಲ್ಲಾಡುತ್ತಲೇ ಇರುವ ತಟ್ಟೆಗಳ ಮೇಲೆ ಇಡುತ್ತೇವೆ, ಸಾಮಾನ್ಯವಾಗಿ ಐದೇ ದಿನ. ಅಲ್ಲಿಗೆ ನಾಲ್ಕು ದಿನ ಸಾಲಾಗಿ ರಜೆ ಬಂದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಹಳದಿ ಚೀಲಗಳು ತುಂಬಿರಬೇಕಾದ ತಟ್ಟೆಗಳು ಖಾಲಿ ಆಗಿ ಅತ್ತ ಇತ್ತ ಆಡುತ್ತಿರುತ್ತವೆ. ರಾತ್ರಿ ಆ ಸದ್ದು ಕೇಳುತ್ತಾ ಕೂರುವುದು ನನಗೆ ತುಂಬಾ ಕಷ್ಟ.

ಒಂದು ಸಲಹೆ: ರಜೆ ಶುರುವಾಗುವ ಮೊದಲೇ ನಿಮ್ಮ ಹತ್ತಿರದ ರಕ್ತನಿಧಿಗೆ ಕರೆ ಮಾಡಿ, ಯಾವ ದಿನ ಬಂದರೆ ಒಳ್ಳೆಯದು ಅಂತ ಕೇಳಿ. ಹತ್ತು ಜನ ಗೆಳೆಯರು ಒಂದೇ ದಿನ ಬರುವುದಕ್ಕಿಂತ ಹಂಚಿಕೊಂಡು ಬಂದರೆ ನಮಗೆ ಅನುಕೂಲ. ಒಮ್ಮೆ ಕೊಟ್ಟ ಮೇಲೆ ಕನಿಷ್ಠ ಮೂರು ತಿಂಗಳು ಬಿಡಬೇಕು, ಹೆಂಗಸರಿಗೆ ಇನ್ನೂ ಸ್ವಲ್ಪ ಜಾಸ್ತಿ. ರಾತ್ರಿ ಪಾಳಿ ಮುಗಿಸಿ ನಿದ್ದೆ ಇಲ್ಲದೆ ಬರಬೇಡಿ. ಚೆನ್ನಾಗಿ ಮಲಗಿ, ಊಟ ಮಾಡಿ, ನೀರು ಕುಡಿದು ಬನ್ನಿ. ಹಿಮೋಗ್ಲೋಬಿನ್ ಕಡಿಮೆ ಇದೆ ಅಂತ ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡಿ, ಅದು ನಿಮ್ಮ ಒಳ್ಳೆಯದಕ್ಕೇ.

ಮೂರನೇಬೆಡ್:
ನಾನು ವಾರ್ಡ್ ನರ್ಸ್. ಸೇವೆ ಬಗ್ಗೆ ಮೇಲಿನವರು ಹೇಳಿದರು, ನಾನು ಆ ಸೆಕ್ಯೂರಿಟಿ ಅಣ್ಣನ ವಿಷಯಕ್ಕೆ ಬರುತ್ತೇನೆ.

ಬರೆದು ಕೊಡಿ. ದಯವಿಟ್ಟು ಬರೆದು ಕೊಡಿ. ನಮ್ಮ ಡ್ಯೂಟಿ ರೂಮಿಗೆ ಹಬ್ಬದ ದಿನ ಎಷ್ಟೋ ಗಿಫ್ಟ್ ಬರುತ್ತವೆ, ಎಲ್ಲರೂ ಪ್ರೀತಿಯಿಂದ ತರುತ್ತಾರೆ, ವಾರ ಕಳೆದರೆ ಯಾವುದು ಯಾರು ಕೊಟ್ಟದ್ದು ನೆನಪಿರುವುದಿಲ್ಲ. ಆದರೆ ನನ್ನ ಲಾಕರ್ ಬಾಗಿಲಿನ ಒಳಗೆ ಆರು ವರ್ಷದಿಂದ ಒಂದು ಚೀಟಿ ಅಂಟಿಸಿಕೊಂಡಿದ್ದೇನೆ. ನೋಟ್‌ಬುಕ್‌ನಿಂದ ಹರಿದ ಹಾಳೆ. "ಮೂರನೇ ಬೆಡ್‌ನಲ್ಲಿದ್ದ ನಮ್ಮ ಅಮ್ಮನಿಗೆ ಹಬ್ಬದ ದಿನ ಬೆಳಿಗ್ಗೆ ನೀವು ತಲೆ ಬಾಚಿ ಜಡೆ ಹಾಕಿದಿರಿ. ಕನ್ನಡಿ ಕೇಳಿ ನೋಡಿಕೊಂಡರು. ಆಸ್ಪತ್ರೆಗೆ ಬಂದ ಮೇಲೆ ಅವರು ಕನ್ನಡಿ ಕೇಳಿದ್ದು ಅದೊಂದೇ ಸಲ." ಇಷ್ಟೇ ಇದೆ. ನಾನು ಜಡೆ ಹಾಕಿದ್ದು ನನಗೇ ಮರೆತು ಹೋಗಿತ್ತು. ಅದನ್ನು ಯಾರೋ ನೋಡಿದ್ದರು ಅಂತ ಗೊತ್ತಾದ ದಿನ ಬಸ್‌ನಲ್ಲಿ ಅಳುತ್ತಾ ಮನೆಗೆ ಹೋದೆ.

ಮುಜುಗರ ಆಗುತ್ತದೆ ಅಂತ ಹೆದರಬೇಡಿ. ಇದರ ಬಗ್ಗೆ ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಅನ್ನುವ ಇಬ್ಬರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಜನರ ಹತ್ತಿರ ಥ್ಯಾಂಕ್ಸ್ ಪತ್ರ ಬರೆಸಿದರು, ಓದಿದವರಿಗೆ ಹೇಗನ್ನಿಸಬಹುದು ಅಂತ ಬರೆದವರನ್ನೇ ಮೊದಲು ಕೇಳಿದರು, ಆಮೇಲೆ ಪತ್ರ ಸಿಕ್ಕವರನ್ನು ಕೇಳಿದರು. ಓದಿದವರಿಗೆ ಇರುಸುಮುರುಸು ಆಗಬಹುದು ಅಂತ ಬರೆದವರು ಅಂದುಕೊಂಡಷ್ಟು ಆಗಿರಲಿಲ್ಲ, ಖುಷಿ ಮಾತ್ರ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಆಗಿತ್ತು. ಬರೆಯುವವರು ಪದಗಳು ಸರಿ ಇವೆಯಾ ಅಂತ ಯೋಚಿಸುತ್ತಾರೆ, ಓದುವವರಿಗೆ ಮುಖ್ಯ ಆಗುವುದು ಅದರಲ್ಲಿರುವ ಪ್ರೀತಿ. ನನ್ನ ಲಾಕರ್ ಚೀಟಿಯಲ್ಲೂ ಎರಡು ಅಕ್ಷರ ತಪ್ಪಿವೆ.

ಅದರಲ್ಲಿ ಟಾರ್ಚ್ ವಿಷಯವನ್ನೇ ಬರೆಯಿರಿ. "ನಿಮ್ಮ ಸೇವೆಗೆ ಧನ್ಯವಾದ" ಅಂತ ಬರೆದರೆ ಅದು ಯಾರಿಗೆ ಬೇಕಾದರೂ ಆಗುತ್ತದೆ. ಜೊತೆಗೆ ದುಡ್ಡು ಕೊಡಬೇಕು ಅನ್ನಿಸಿದರೆ ಕೊಡಿ, ತಪ್ಪೇನಿಲ್ಲ, ಅವರಿಗೂ ಮನೆ ಖರ್ಚು ಇರುತ್ತದೆ. ಆದರೆ ಪತ್ರದ ಒಳಗೆ ಇಡಬೇಡಿ, ಬೇರೆ ಕವರ್‌ನಲ್ಲಿ ಕೊಡಿ. ಎರಡೂ ಒಂದೇ ಕಡೆ ಇದ್ದರೆ ಪತ್ರ ರಸೀದಿ ಥರ ಆಗಿಬಿಡುತ್ತದೆ.

ಇನ್ನೊಂದು, ನಾವು ಪಾಳಿ ಕೆಲಸದವರು ಮಾತ್ರ ಮಾಡಬಹುದಾದ ಸೇವೆ: ಚಿಕ್ಕ ಮಗು ಇರುವ ಸಹೋದ್ಯೋಗಿಯ ಹಬ್ಬದ ಪಾಳಿ ನೀವು ಮಾಡಿಕೊಡುವುದು. ನನಗೆ ಒಮ್ಮೆ ಒಬ್ಬರು ಅಕ್ಕ ಹಾಗೆ ಮಾಡಿದ್ದರು. ಇವತ್ತಿಗೂ ಅವರು ಕೇಳಿದ ದಿನ ನಾನು ಇಲ್ಲ ಅನ್ನುವುದಿಲ್ಲ.

ನಿಧಾನ:
ನೋಡಮ್ಮಾ, ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಾಲ್ಕು ವರ್ಷದಲ್ಲಿ ಮೊದಲ ರಜೆ ಅಂದೆ. ಮೊದಲ ಎರಡು ದಿನ ಮಲಗು. ನಿನ್ನ ಮನೆಯವರ ಜೊತೆ ಕೂತು ಊಟ ಮಾಡು. ನಾನು ನಲವತ್ತು ವರ್ಷ ಪಾಳಿಯಲ್ಲಿ ದುಡಿದೆ, ಸಿಕ್ಕ ರಜೆಯನ್ನೆಲ್ಲ ಯಾವುದಾದರೂ ಸಂಘದ ಕೆಲಸಕ್ಕೆ ಕೊಟ್ಟೆ. ಊರಿನವರೆಲ್ಲ ಹೊಗಳಿದರು. ನನ್ನ ಮಗಳು ಏಳನೇ ಕ್ಲಾಸಿನಲ್ಲಿ "ನಮ್ಮ ಕುಟುಂಬ" ಅಂತ ಪ್ರಬಂಧ ಬರೆದಾಗ ಅದರಲ್ಲಿ ನಾನು ಇರಲಿಲ್ಲ. ಸೇವೆ ಬಿಟ್ಟುಬಿಡು ಅಂತ ನಾನು ಹೇಳುತ್ತಿಲ್ಲ. ದಣಿದ ಮೈಯಲ್ಲಿ ಹೋದರೆ ಎರಡು ದಿನಕ್ಕೇ ಸಾಕಾಗುತ್ತದೆ, ಮತ್ತೆ ಆ ಕಡೆ ಹೋಗುವ ಮನಸ್ಸೇ ಬರುವುದಿಲ್ಲ.

ದೊಡ್ಡಪಾತ್ರೆ:
@ನಿಧಾನ ನಿಮ್ಮ ಮಾತು ನನಗೂ ತಾಗಿತು ಸರ್. ನಮ್ಮಲ್ಲಿ ಸುಸ್ತಾಗಿ ಬಿಟ್ಟು ಹೋದವರಲ್ಲಿ ಹೆಚ್ಚಿನವರು ಶುರುವಿನಲ್ಲಿ ವಾರಕ್ಕೆ ಐದು ದಿನ ಬರುತ್ತಿದ್ದವರೇ. ತಿಂಗಳಿಗೊಮ್ಮೆ ಬರುವ ಒಬ್ಬರು ಏಳು ವರ್ಷದಿಂದ ತಪ್ಪಿಸಿಲ್ಲ.

ಒಂಟಿಮನೆ:
ನನಗೆ 74 ವರ್ಷ, ಒಬ್ಬಳೇ ಇರುವುದು. ಹಬ್ಬದ ದಿನ ನಮ್ಮ ಬಿಲ್ಡಿಂಗ್‌ಗೆ ಯುವಕರ ಗುಂಪು ಬರುತ್ತದೆ, ಹಿರಿಯರನ್ನು ಮಾತಾಡಿಸಿ ಹೋಗುತ್ತದೆ. ಒಳ್ಳೆಯ ಮಕ್ಕಳು. ಆದರೆ ಅವತ್ತು ನನ್ನ ಮಗನ ಫೋನೂ ಬರುತ್ತದೆ, ತಂಗಿಯದೂ ಬರುತ್ತದೆ, ಪಕ್ಕದ ಮನೆಯವರೂ ಬರುತ್ತಾರೆ. ಹಬ್ಬ ಕಳೆದ ಮೂರನೇ ದಿನ ಸಂಜೆ ನಾಲ್ಕರ ಹೊತ್ತು ಇದೆಯಲ್ಲ, ಅದು ಹೋಗುವುದೇ ಇಲ್ಲ. ಒಂದು ಹುಡುಗಿ ಮಾತ್ರ ಪ್ರತಿ ಗುರುವಾರ ನಾಲ್ಕೂಕಾಲಿಗೆ ಫೋನ್ ಮಾಡುತ್ತಾಳೆ. ಹತ್ತು ನಿಮಿಷ, ಅಷ್ಟೇ. ಅವಳು ಮಾಡುತ್ತಾಳೆ ಅಂತ ಗೊತ್ತಿರುವುದರಿಂದ ಬುಧವಾರವೇ ಏನು ಹೇಳಬೇಕು ಅಂತ ಜೋಡಿಸಿಕೊಳ್ಳುತ್ತೇನೆ. ನಿನಗೂ ಫೋನ್‌ನಲ್ಲಿ ಮಾತಾಡುವ ಅಭ್ಯಾಸ ಇದೆ ಅಂದೆಯಲ್ಲ ಮಗಳೇ.

ಇರುಳುಪಾಳಿ:
ಎಲ್ಲರಿಗೂ ಉತ್ತರ ಬರೆಯಲು ತಡವಾಯಿತು, ಕ್ಷಮಿಸಿ. ಒಂದೊಂದನ್ನೂ ಎರಡು ಮೂರು ಸಲ ಓದಿದೆ.

ನಿಧಾನ ಸರ್, ಮೊದಲ ಎರಡು ದಿನ ಅಮ್ಮನ ಜೊತೆ ಅಂತ ತೀರ್ಮಾನ ಮಾಡಿದೆ. ಹೇಳಿದ ಕೂಡಲೇ ಅಮ್ಮ ಏನೂ ಮಾತಾಡದೆ ಎದ್ದು ಹೋಗಿ ಕಪಾಟಿನಿಂದ ನನ್ನ ಹಳೇ ಹೊದಿಕೆ ತೆಗೆದು ಬಿಸಿಲಿಗೆ ಹಾಕಿದರು. ಮೂರನೇ ದಿನ ರಕ್ತನಿಧಿ. ಫೋನ್ ಮಾಡಿದೆ, ಅವರೇ ಸಮಯ ಕೊಟ್ಟರು, ಜೊತೆಗೆ ಟೀಮಿನ ಇಬ್ಬರು ಬರುತ್ತಾರೆ, ಒಬ್ಬಳು ಮಾರನೇ ದಿನ. ಹತ್ತಿರದ ಒಂದು ಅಡುಗೆಮನೆಗೂ ಕರೆ ಮಾಡಿ "ಯಾವ ದಿನ ಜನ ಸಿಗುವುದಿಲ್ಲ?" ಅಂತ ದೊಡ್ಡಪಾತ್ರೆ ಅವರ ಮಾತನ್ನೇ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಅವರು, "ಬುಧವಾರ ಮೇಡಂ. ಯಾವ ಬುಧವಾರವಾದರೂ ಸರಿ" ಅಂದರು. ಮುಂದಿನ ತಿಂಗಳಿಂದ ಪ್ರತಿ ಮಂಗಳವಾರ ಸಂಜೆ ಅವರ ಸ್ವಯಂಸೇವಕರಿಗೆ ಕರೆ ಮಾಡುವ ಕೆಲಸ ನನ್ನದು. ಒಂಟಿಮನೆ ಅಮ್ಮಾ, ನಿಮ್ಮ ಗುರುವಾರದ ಹುಡುಗಿಯ ಹಾಗೆ ಯಾರಿಗಾದರೂ ಫೋನ್ ಮಾಡಬಹುದಾ ಅಂತ ಆ ಅಡುಗೆಮನೆಯವರನ್ನೇ ವಿಚಾರಿಸಿದ್ದೇನೆ, ಕೇಳಿ ಹೇಳುತ್ತೇನೆ ಅಂದಿದ್ದಾರೆ.

ಪತ್ರ ನಿನ್ನೆ ರಾತ್ರಿ ಕೊಟ್ಟೆ. ಅರ್ಧ ಪುಟ ಅಷ್ಟೇ, ಟಾರ್ಚ್ ಬಗ್ಗೆಯೇ ಬರೆದೆ. ಅವರು ಅಲ್ಲೇ, ಅದೇ ಟಾರ್ಚ್ ಬೆಳಕಿನಲ್ಲಿ ಓದಿದರು. ನಿಧಾನವಾಗಿ, ಬೆರಳಿಟ್ಟು. ಮಡಿಸಿ ಜೇಬಿಗೆ ಹಾಕಿಕೊಂಡು, "ಅದು ಏನಂದ್ರೆ ಮೇಡಂ, ಆ ಮೂರನೇ ಮೆಟ್ಟಿಲು ಅಂಚಲ್ಲಿ ಒಡೆದಿದೆ. ಕೆಲಸಕ್ಕೆ ಸೇರಿದ ವಾರವೇ ನಾನು ಅಲ್ಲಿ ಬಿದ್ದು ಮಂಡಿ ಕಿತ್ತುಕೊಂಡಿದ್ದೆ. ಹೇಳಿದೆ, ಯಾರೂ ಸರಿ ಮಾಡಿಸಲಿಲ್ಲ. ಅದಕ್ಕೇ ಬೆಳಕು ಬಿಡೋದು" ಅಂದರು. ಎರಡು ವರ್ಷ ದಿನಾ ಇಳಿದಿದ್ದೇನೆ, ಆ ಮೆಟ್ಟಿಲು ಒಡೆದಿರುವುದು ನನಗೆ ಗೊತ್ತೇ ಇರಲಿಲ್ಲ.

ಇವತ್ತು ಬೆಳಿಗ್ಗೆ ಫೋಟೋ ತೆಗೆದು ರಿಪೇರಿಗೆ ಕಂಪ್ಲೇಂಟ್ ಹಾಕಿದೆ. ಸೋಮವಾರ ಬರುತ್ತಾರಂತೆ. ಬರದಿದ್ದರೆ ಮಂಗಳವಾರ ಮತ್ತೆ ಹಾಕುತ್ತೇನೆ.