‘ಗ್ಯಾಸ್ ಟರ್ಬೈನ್ ಇಂಜಿನ್’: ಮೂರು ಪದ, ಮೂರೂ ತೊಡಕು

ಪದಚರ್ಚೆಯ ಎಲ್ಲ ಸದಸ್ಯರಿಗೆ ಕಲಬುರಗಿಯಿಂದ ನಮಸ್ಕಾರಗಳು.

ಹೈಸ್ಕೂಲಿನ ಮಕ್ಕಳಿಗಾಗಿ ರೈಲು ಇಂಜಿನ್ನುಗಳ ಚರಿತ್ರೆಯನ್ನು ಕುರಿತು ಒಂದು ಕಿರುಹೊತ್ತಿಗೆಯನ್ನು ಬರೆಯುತ್ತಿದ್ದೇನೆ. ಉಗಿ, ಡೀಸೆಲ್, ವಿದ್ಯುತ್ ಎಂಬ ಮೂರು ಅಧ್ಯಾಯಗಳು ಹೆಚ್ಚಿನ ಶ್ರಮವಿಲ್ಲದೆ ಮುಗಿದವು. ಇವುಗಳ ನಡುವೆ ಸುಮಾರು ಐವತ್ತು ವರ್ಷ ಓಡಾಡಿ ಮರೆಯಾದ ಟರ್ಬೈನ್ (ಉಗಿಯೋ ಬಿಸಿಗಾಳಿಯೋ ನೂಕಿದಾಗ ತಿರುಗುವ ರೆಕ್ಕೆಗಳ ಯಂತ್ರ) ಇಂಜಿನ್ನುಗಳ ಅಧ್ಯಾಯಕ್ಕೆ ಬಂದಾಗ ಮಾತ್ರ ಪದಗಳೇ ಕೈಕೊಟ್ಟವು.

ಮೊದಲ ತೊಡಕು ‘ಇಂಜಿನ್’ ಎಂಬುದರಲ್ಲೇ ಇದೆ. ವಾಡಿ ಜಂಕ್ಷನ್ನಿನಲ್ಲಿ ಡಬ್ಬಿಗಳ ಮುಂದೆ ನಿಲ್ಲುವ ಇಡೀ ಬಂಡಿಯನ್ನೂ ನಾವು ಇಂಜಿನ್ ಎನ್ನುತ್ತೇವೆ, ಬಾವಿಯ ದಂಡೆಯ ಮೇಲೆ ಕೂತು ನೀರೆತ್ತುವ ಡೀಸೆಲ್ ಯಂತ್ರವನ್ನೂ ಇಂಜಿನ್ ಎನ್ನುತ್ತೇವೆ. ಡೀಸೆಲ್ ಬಂಡಿಯ ವಿಷಯದಲ್ಲಿ ಇದರಿಂದ ತೊಂದರೆಯಿಲ್ಲ, ಏಕೆಂದರೆ ಅಲ್ಲಿ ಎರಡೂ ಅರ್ಥಗಳು ಹೊಂದುತ್ತವೆ. ಆದರೆ ‘ಟರ್ಬೈನ್ ಇಂಜಿನ್’ ಎಂದಾಗ ಓದುವ ಹುಡುಗನಿಗೆ ಅದು ಬಂಡಿಯೋ, ಬಂಡಿಯೊಳಗಿನ ಯಂತ್ರವೋ ತಿಳಿಯುವುದಿಲ್ಲ. ‘ಉಗಿಬಂಡಿ’ ಎನ್ನೋಣವೆಂದರೆ ಅದೂ ಸಾಲದು. ರೈಲು ಎಂಜಿನಿಯರ್ ವಿಲಿಯಂ ಸ್ಟೇನಿಯರ್ 1935ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿಸಿದ 6202 ಸಂಖ್ಯೆಯ ಬಂಡಿಯಲ್ಲಿ ಕಲ್ಲಿದ್ದಲು, ಬಾಯ್ಲರ್, ಉಗಿ ಎಲ್ಲವೂ ಇದ್ದವು. ಹಿಂದೆಮುಂದೆ ಆಡುವ ಪಿಸ್ಟನ್ನಿನ ಜಾಗದಲ್ಲಿ ಗರಗರ ತಿರುಗುವ ಟರ್ಬೈನ್ ಬಂದಿತ್ತು, ಅಷ್ಟೇ ವ್ಯತ್ಯಾಸ. ಅದೂ ಉಗಿಬಂಡಿಯೇ ಆಯಿತಲ್ಲ! ನಮ್ಮ ಓಣಿಯಲ್ಲಿರುವ ನಿವೃತ್ತ ರೈಲು ಡ್ರೈವರರೊಬ್ಬರ ಮುಂದೆ ಈ ಸಂಗತಿಯನ್ನು ಇಟ್ಟಾಗ ಅವರು ನಕ್ಕು, “ಇಂಜಿನ್ ಅಂದ್ರ ಜಗ್ಗೋದು, ಟರ್ಬೈನ್ ಅಂದ್ರ ತಿರಗೋದು. ಎಲ್ಡೂ ಕೂಡ್ಸಿ ಒಂದೇ ಹೆಸ್ರ ಯಾಕ ಇಡ್ಲಾಕತ್ತೀರಿ ಮಾಸ್ತರ್ರೆ?” ಎಂದರು. ಈ ಮಾತನ್ನು ನಾನು ಇಲ್ಲಿಯವರೆಗೆ ಓದಿದ ಎಷ್ಟೋ ವ್ಯಾಖ್ಯೆಗಳಿಗಿಂತ ಮೇಲೆಂದು ಬಗೆದು, ಬಂಡಿಗೆ ‘ಇಂಜಿನ್’, ಒಳಗಿನದಕ್ಕೆ ‘ಟರ್ಬೈನ್’ ಎಂದು ಕಟ್ಟುನಿಟ್ಟಾಗಿ ಬೇರ್ಪಡಿಸಿ ‘ಟರ್ಬೈನಿನ ಇಂಜಿನ್’ ಎಂದು ಬರೆಯುತ್ತಿದ್ದೇನೆ.

ಇನ್ನು ‘ಟರ್ಬೈನ್’. ಫ್ರಾನ್ಸಿನ ಗಣಿ ಎಂಜಿನಿಯರ್ ಕ್ಲಾಡ್ ಬುರ್ದ್ಯಾಂ 1822ರಲ್ಲಿ ಈ ಪದವನ್ನು ಲ್ಯಾಟಿನ್ನಿನ ‘ಟರ್ಬೊ’ದಿಂದ ಕಟ್ಟಿದರು. ಆ ಲ್ಯಾಟಿನ್ ಪದಕ್ಕೆ ಸುಳಿ ಎಂಬ ಅರ್ಥವೂ ಇದೆ, ಬುಗುರಿ ಎಂಬ ಅರ್ಥವೂ ಇದೆ. ಅವರ ಶಿಷ್ಯ ಫುರ್ನೇರಾಂ 1827ರಲ್ಲಿ ನೀರಿನಿಂದ ತಿರುಗುವ, ಬಳಕೆಗೆ ಬರುವಂಥ ಟರ್ಬೈನನ್ನು ಮಾಡಿ ತೋರಿಸಿದರು. ಬುಗುರಿ ಎಂಬುದನ್ನು ಕಂಡೊಡನೆ ನನಗೆ ಹಿಗ್ಗಾಯಿತು. ನಮ್ಮ ‘ಬುಗರಿ’ಯಿಂದಲೇ ಒಂದು ಪದವನ್ನು ಕಟ್ಟಿಬಿಡಬಹುದೆಂದು ಎರಡು ದಿನ ಅದರ ಬೆನ್ನು ಹತ್ತಿದ್ದೆ. ಆದರೆ ಬುಗರಿ ತಿರುಗುವುದು ದಾರ ಸುತ್ತಿ ಎಸೆದ ಕೈಯ ಬಲದಿಂದ. ಎಸೆದ ಮೇಲೆ ಅದಕ್ಕೆ ಹೊಸ ಬಲ ಸೇರುವುದಿಲ್ಲ. ಟರ್ಬೈನ್ ತಿರುಗುವುದು ನೀರೋ ಉಗಿಯೋ ಎಡೆಬಿಡದೆ ಹರಿದು ಬಂದು ಅದರ ರೆಕ್ಕೆಗಳನ್ನು ನೂಕುವುದರಿಂದ. ಈ ದೃಷ್ಟಿಯಿಂದ ಶರಣಬಸವೇಶ್ವರ ಜಾತ್ರೆಯಲ್ಲಿ ಕಡ್ಡಿಗೆ ಚುಚ್ಚಿ ಮಾರುವ ಬಣ್ಣದ ಕಾಗದದ ಗಿರಗಿಟ್ಲೆಯೇ ಟರ್ಬೈನಿಗೆ ಹತ್ತಿರದ ನಂಟು. ಪುಸ್ತಕದಲ್ಲಿ ‘ಟರ್ಬೈನ್’ ಪದವನ್ನೇ ಉಳಿಸಿಕೊಂಡು, ವಿವರಣೆಗೆ ಗಿರಗಿಟ್ಲೆಯ ಚಿತ್ರವನ್ನು ಹಾಕುವುದೆಂದು ತೀರ್ಮಾನಿಸಿದ್ದೇನೆ.

ಗಿರಗಿಟ್ಲೆಯಿಂದ ಇನ್ನೊಂದು ಲಾಭವಿದೆ. ಎದುರಿನಿಂದ ಎಷ್ಟೇ ಊದಿದರೂ ಅದು ಒಂದೇ ದಿಕ್ಕಿಗೆ ತಿರುಗುತ್ತದೆ. ಟರ್ಬೈನಿನ ಗುಣವೂ ಇದೇ ಆದ್ದರಿಂದ, ಸ್ಟೇನಿಯರ್ ತಮ್ಮ ಬಂಡಿಗೆ ಹಿಂದಕ್ಕೆ ನಡೆಯಲೆಂದೇ ಎರಡನೆಯ, ಚಿಕ್ಕ ಟರ್ಬೈನನ್ನು ಕೂಡಿಸಬೇಕಾಯಿತು. ಅಮೆರಿಕದ ಪೆನ್ಸಿಲ್ವೇನಿಯಾ ರೈಲ್ವೆಗೆ 1944ರಲ್ಲಿ ಬಾಲ್ಡ್ವಿನ್ ಕಂಪನಿ ಕಟ್ಟಿಕೊಟ್ಟ ಎಸ್2 ಬಂಡಿಯಲ್ಲಿಯೂ ಮುಂದಕ್ಕೆ 6,900 ಅಶ್ವಶಕ್ತಿಯ ಟರ್ಬೈನ್, ಹಿಂದಕ್ಕೆ 1,500ರದು. ಇವನ್ನು ‘ಮುಮ್ಮುಖ’, ‘ಹಿಮ್ಮುಖ’ ಎಂದು ಬರೆದಿದ್ದೇನೆ. ಪೂರ್ಣ ವೇಗದಲ್ಲಿ ಅಚ್ಚುಕಟ್ಟಾಗಿ ಓಡುತ್ತಿದ್ದ ಎಸ್2, ನಿಧಾನಗತಿಯಲ್ಲಿ ಮಾತ್ರ ಬಾಯ್ಲರಿನ ಒತ್ತಡವೇ ಕುಸಿಯುವಷ್ಟು ಉಗಿಯನ್ನು ನುಂಗುತ್ತಿತ್ತು.

ಚೆಸಪೀಕ್ ಅಂಡ್ ಓಹಾಯೊ ರೈಲ್ವೆ 1947–48ರಲ್ಲಿ ತಂದ ಮೂರು ಬಂಡಿಗಳಲ್ಲಿ ಟರ್ಬೈನ್ ಗಾಲಿಯನ್ನು ತಿರುಗಿಸುತ್ತಿರಲಿಲ್ಲ. ಅದು ವಿದ್ಯುತ್ತನ್ನು ಹುಟ್ಟಿಸುತ್ತಿತ್ತು, ಗಾಲಿಗಳನ್ನು ಮೋಟಾರುಗಳು ತಿರುಗಿಸುತ್ತಿದ್ದವು. ಇವಕ್ಕೆ ‘ಟರ್ಬೈನ್-ವಿದ್ಯುತ್ ಇಂಜಿನ್’ ಎಂದರೆ ಸಾಕೆಂದು ತೋರುತ್ತದೆ.

ನಿಜವಾದ ಕಗ್ಗಂಟು ‘ಗ್ಯಾಸ್’. ಸ್ವಿಟ್ಜರ್ಲೆಂಡಿನ ಬ್ರೌನ್ ಬೊವೇರಿ ಕಂಪನಿ 1941ರಲ್ಲಿ ಮೊದಲ ಗ್ಯಾಸ್ ಟರ್ಬೈನಿನ ಬಂಡಿಯನ್ನು ಹಳಿಯ ಮೇಲಿಟ್ಟಿತು. ಮುಂದೆ ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲ್ವೆ ಇಂಥ ಐವತ್ತೈದು ಬಂಡಿಗಳನ್ನು ಸರಕು ಸಾಗಣೆಗೆ ಹಚ್ಚಿ, 8,500 ಅಶ್ವಶಕ್ತಿಯವರೆಗೂ ಬೆಳೆಸಿ, 1969ರ ಕೊನೆಗೆ ಕೈಬಿಟ್ಟಿತು. ಈ ಭಾಗವನ್ನು ಓದಿ ಹೇಳಿದಾಗ ನಮ್ಮ ಡ್ರೈವರರು, “ಅಷ್ಟು ಸಿಲಿಂಡರ್ ಎಲ್ಲಿ ಇಡ್ತಿದ್ರು?” ಎಂದು ಕೇಳಿದರು. ತಪ್ಪು ಅವರದಲ್ಲ. ನಮ್ಮೂರಿನಲ್ಲಿ ಗ್ಯಾಸ್ ಎಂದರೆ ಅಡಿಗೆಮನೆಯ ಸಿಲಿಂಡರ್. ನಮ್ಮ ಮನೆಯ ಹಿರಿಯರ ಬಾಯಲ್ಲಿ ‘ಗ್ಯಾಸಿನ ಎಣ್ಣೆ’ ಎಂದರೆ ಸೀಮೆಎಣ್ಣೆ. ಆದರೆ ಆ ಅಮೆರಿಕನ್ ಬಂಡಿಗಳು ಸುಡುತ್ತಿದ್ದುದು ‘ಬಂಕರ್ ಸಿ’ ಎಂಬ ಗಟ್ಟಿ ಎಣ್ಣೆಯನ್ನು. ಕಚ್ಚಾತೈಲವನ್ನು ಬಟ್ಟಿ ಇಳಿಸಿದ ಮೇಲೆ ಉಳಿದ, ಕಾಯಿಸದೆ ಸರಾಗವಾಗಿ ಹರಿಯದ ಕಪ್ಪು ಎಣ್ಣೆ ಅದು. ಇಲ್ಲಿ ಗ್ಯಾಸ್ ಎನ್ನುವುದು ಉರುವಲನ್ನಲ್ಲ. ಎಣ್ಣೆ ಉರಿದಾಗ ಹುಟ್ಟಿ, ರೆಕ್ಕೆಗಳ ಮೇಲೆ ನುಗ್ಗುವ ಬೆಂಕಿಯಂಥ ಬಿಸಿಗಾಳಿಯನ್ನು. ‘ಅನಿಲ ಟರ್ಬೈನ್’ ಎಂಬ ಅನುವಾದದಲ್ಲಿಯೂ ಇದೇ ತಪ್ಪು ಅರ್ಥ ಉಳಿಯುತ್ತದೆ, ಮೇಲಾಗಿ ಅದು ಮಕ್ಕಳ ನಾಲಗೆಗೂ ಒಗ್ಗದು.

‘ಉರಿಗಾಳಿ ಟರ್ಬೈನ್’ ಎನ್ನಬಹುದೆ ಎಂಬುದು ನನ್ನ ಮೊದಲ ಪ್ರಶ್ನೆ. ‘ಝಳ’ ಎಂಬ ಪದವೂ ಮನಸ್ಸಿನಲ್ಲಿದೆ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಅದನ್ನು ವಿವರಿಸಬೇಕಿಲ್ಲ. ಆದರೆ ಝಳಕ್ಕೆ ನೂಕುವ ಬಲವಿದೆ ಎಂಬ ಅರ್ಥ ಕನ್ನಡದ ಬೇರೆ ಸೀಮೆಯವರಿಗೆ ಹೊಳೆಯುತ್ತದೆಯೇ ಎಂಬ ಅಳುಕು ಇದೆ.

ಎರಡನೆಯದು ಚಿಕ್ಕ ಪ್ರಶ್ನೆ. ಮೇಲೆ ನಾನು ಅನುಮಾನದಿಂದಲೇ ‘ರೆಕ್ಕೆ’ ಎಂದು ಬರೆದಿರುವ ಟರ್ಬೈನಿನ ಬ್ಲೇಡಿಗೆ ‘ಅಲಗು’ ಎಂದರೆ ಕತ್ತಿಯ ನೆನಪಾಗುತ್ತದೆ, ‘ಎಸಳು’ ಎಂದರೆ ಹೂವಿನದು. ಯಾದಗಿರಿಯ ಕಡೆಯಿಂದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರಕ್ಕೆ ದುಡಿಯಲು ಹೋಗುವವರು ಯಾರಾದರೂ ನಿಮಗೆ ಪರಿಚಿತರಿದ್ದರೆ, ಅಲ್ಲಿ ಟರ್ಬೈನನ್ನು ಬಿಚ್ಚಿ ತೊಳೆಯುವಾಗ ಕೈಕೆಲಸದವರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಕೇಳಿ ತಿಳಿಸಬೇಕೆಂದು ವಿನಂತಿ.