ಅಪ್‌ಡೇಟ್: ರಾತ್ರಿ ಹತ್ತಕ್ಕೆ ನಿಲ್ಲುತ್ತಿದ್ದ ವೈಫೈ ಸರಿಹೋಯಿತು

ಬಸವನಗುಡಿಯಲ್ಲಿ ಓನರ್ ಮನೆಯ ವೈಫೈಯನ್ನೇ ನಾವೂ ಬಳಸುತ್ತೇವೆ, ರಾತ್ರಿ ಹತ್ತಾದರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ನೆಟ್ ನಿಂತುಹೋಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ. ಈಗ ಸರಿಹೋಗಿದೆ.

ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿ 1.1.1.1 ಹಾಕಿ ನೋಡಿದೆ, ಏನೂ ಆಗಲಿಲ್ಲ. ವಿಪಿಎನ್ (ನಮ್ಮ ನೆಟ್ ಅನ್ನು ಬೇರೆ ಸರ್ವರ್ ಮೂಲಕ ಕಳಿಸುವ ವ್ಯವಸ್ಥೆ) ಕೂಡ ಕನೆಕ್ಟ್ ಆಗಲಿಲ್ಲ. ರೂಟರೇ ಹೊರಗಿನ ದಾರಿ ಮುಚ್ಚಿದರೆ ವಿಪಿಎನ್ ಹೋಗುವುದಾದರೂ ಎಲ್ಲಿಂದ? ಕೆಲಸ ಮಾಡಿದ್ದು "ಸುಮ್ನೆ ಓನರ್‌ನ ಕೇಳಿ, ಪೇರೆಂಟಲ್ ಕಂಟ್ರೋಲ್ ತೆಗೆಸಿ ನೋಡಿ" ಅಂದವರ ಸಲಹೆ. ಪೇರೆಂಟಲ್ ಕಂಟ್ರೋಲ್ ಅಂದರೆ ಮಕ್ಕಳ ನೆಟ್ ಬಳಕೆಗೆ ರೂಟರ್‌ನಲ್ಲಿ ಹಾಕುವ ಕಡಿವಾಣ. ತುಂಬಾ ಥ್ಯಾಂಕ್ಸ್.

ಕೇಳಿದಾಗ ಓನರ್ ಆಂಟಿ ಆಗಲೇ ಮೊಬೈಲ್‌ನಲ್ಲಿ ರೂಟರ್‌ನ ಸೆಟ್ಟಿಂಗ್ಸ್ ಪುಟ 192.168.1.1 ತೆರೆದು ಲಾಗಿನ್ ಆದರು. ಮಗನ ಪರೀಕ್ಷೆಗೆ ಅಂತ ನೆಟ್ ನಿಲ್ಲಿಸಲು ಹಾಕಿದ್ದ ಟೈಮ್ ಅಲ್ಲೇ ಇತ್ತು: 22:00ರಿಂದ 06:00. ಕೆಳಗೆ ಮ್ಯಾಕ್ ಅಡ್ರೆಸ್‌ಗಳ (ವೈಫೈಯಲ್ಲಿ ಒಂದೊಂದು ಸಾಧನವನ್ನೂ ಗುರುತಿಸುವ ನಂಬರ್) ಪಟ್ಟಿ, ಅದರಲ್ಲಿ ನನ್ನ ಲ್ಯಾಪ್‌ಟಾಪಿನದೂ ಇತ್ತು! ಹೆಸರಿಲ್ಲದೆ ಬರೀ 'ಅನ್‌ನೋನ್' ಅಂತ ತೋರಿಸಿದ್ದಕ್ಕೆ ಮಗನದ್ದೇ ಇರಬೇಕು ಅಂತ ಸೇರಿಸಿಬಿಟ್ಟಿದ್ದರಂತೆ, ಪಾಪ. ಅದನ್ನು ಅಳಿಸಿದ ಕೂಡಲೇ ಆಫೀಸ್ ಕಾಲ್ ಸಲೀಸಾಗಿ ನಡೆಯಿತು. ಮಗನ ಟೈಮ್ ಹಾಗೇ ಇದೆ.

ಇನ್ನೊಂದು ವಿಷಯ ಹೊಸದಾಗಿ ತಿಳಿಯಿತು. ಆಂಡ್ರಾಯ್ಡ್ 10ರಿಂದ ಈಚೆಗಿನ ಫೋನ್‌ಗಳು ಸಾಮಾನ್ಯವಾಗಿ ಒಂದೊಂದು ವೈಫೈಗೂ ಬೇರೆ ಬೇರೆ ಮ್ಯಾಕ್ ಅಡ್ರೆಸ್ ಕೊಡುತ್ತವೆ. ಹಾಗಾಗಿ ಫೋನ್ ಡಬ್ಬದ ಮೇಲಿನ ಮ್ಯಾಕ್ ನಂಬರ್ ರೂಟರ್ ಪಟ್ಟಿಯಲ್ಲಿ ಸಿಗದೇ ಇರಬಹುದು, ಫೋನಲ್ಲಿ ಆ ವೈಫೈ ಹೆಸರು ಒತ್ತಿ ಒಳಗೆ ನೋಡಿ.